ಮೂರನೆಯ ಭಾಗದಲ್ಲಿ ಒಂದು ನಗು

ವೇದಿಕೆಯ ಮೇಲೆ ನಾಲ್ವರು ವಾದಕರೂ ಕಮಾನುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸ್ತಬ್ಧರಾಗಿದ್ದ ಆ ಮೌನದಲ್ಲಿ, ಕನ್ನಡಕದಂಗಡಿಯವನ ಹೆಂಡತಿ ನಕ್ಕುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದ ನಗುವಲ್ಲ. ಆಕೆ ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಗಂಟಲು. ನಗು ಚಾವಣಿಗೆ ಬಡಿದು ವಾಪಸು ಬಂತು. ಅದೂ ಎಂಥ ದಿನ! ಕಛೇರಿ ರೆಕಾರ್ಡ್ ಆಗುತ್ತಿದೆ, ಕೆಮ್ಮುವವರು ದಯವಿಟ್ಟು ಹೊರಗೇ ಕೆಮ್ಮಿ ಮುಗಿಸಿ ಬನ್ನಿ ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಿಟ್ಟಿದ್ದರು.

ನಗು ಬರುವಂಥದ್ದೇ ಇತ್ತು. ದಪ್ಪ ದನಿಯ ದೊಡ್ಡ ಪಿಟೀಲಾದ ಚೆಲ್ಲೊ, ಸಭೆಯಲ್ಲಿ ಭಾಷಣಕ್ಕೆ ಎದ್ದ ದೊಡ್ಡ ಮನುಷ್ಯನಂತೆ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ರಾಗ ತೆಗೆಯುತ್ತಿತ್ತು. ತೆಗೆದಾಗಲೆಲ್ಲ ಪಿಟೀಲು ‘ಕೀಂ’ ಎಂದು ಅಡ್ಡಬಾಯಿ ಹಾಕುತ್ತಿತ್ತು. ಕೊನೆಗೆ ಚೆಲ್ಲೊ ಮುನಿಸಿಕೊಂಡು ಸುಮ್ಮನಾಯಿತು. ಈಕೆ ನಕ್ಕದ್ದು ಆಗ. ಹಿಂದೆಯೇ ಅಲ್ಲಲ್ಲಿ ಇನ್ನಷ್ಟು ನಗು ಎದ್ದಿತು. ಗಂಡ ಮಾತ್ರ ಕುರ್ಚಿಯೊಳಗೆ ಇಳಿದುಹೋದ. ಬದುಕಿರುವ ಸಂಗೀತ ಸಂಯೋಜಕರ ಪರವಾಗಿ ಊರಿನಲ್ಲಿ ವಾದಿಸುವವನು ಅವನೊಬ್ಬನೇ. “ಸತ್ತವರ ಸಂಗೀತಕ್ಕೆ ತಲೆದೂಗೋದು ಸುಲಭ. ಬದುಕಿರೋರಿಗೆ ಈಗಲೇ ತಲೆದೂಗಬೇಕು” ಎಂದು ಕಣ್ಣು ತೋರಿಸಲು ಬಂದವರಿಗೂ ಹೇಳುತ್ತಿದ್ದ, ಅವರು ಗೋಡೆಯ ಅಕ್ಷರಗಳನ್ನು ಓದಲು ತಿಣುಕುವಾಗ ಹಿಂದೆ ಹೊಸದೊಂದು ರೆಕಾರ್ಡು ತಿರುಗುತ್ತಿರುತ್ತಿತ್ತು.

ಕಛೇರಿ ಮುಗಿದ ಮೇಲೆ ಪರಿಚಯದ ವಕೀಲರೊಬ್ಬರು ಹೊರಗೆ ಸಿಕ್ಕು, “ಯಾರ್ರೀ ಅದು ನಕ್ಕಿದ್ದು?” ಎಂದರು.

“ಯಾರೋ ಏನೋ,” ಎಂದ ಕನ್ನಡಕದಂಗಡಿಯವನು. ಹೆಂಡತಿ ಕೋಟು ಹಾಕಿಕೊಳ್ಳುತ್ತಾ ಎರಡು ಹೆಜ್ಜೆ ಹಿಂದೆ ನಿಂತಿದ್ದಳು.

ಮನೆಯೊಳಗೆ ಕಾಲಿಟ್ಟ ಮೇಲೆ ಹೆಂಡತಿ ಶುರುಮಾಡಿದಳು.

“ನಿಮ್ಮ ಆ ಪಿಯಾನೋದವನು ನುಡಿಸ್ತಾ ನುಡಿಸ್ತಾ ಬುಸ್ ಬುಸ್ ಅಂತಾನಲ್ಲ, ಅದನ್ನ ‘ಆಹಾ, ರೆಕಾರ್ಡಿಂಗ್‌ನಲ್ಲಿ ಜೀವ ಇದೆ’ ಅಂತೀರಿ. ಅವನು ಮೂಗಲ್ಲಿ ಉಸಿರುಬಿಟ್ರೆ ಕಲೆ, ನಾನು ನಕ್ಕರೆ ಅಪರಾಧ, ಅಲ್ವಾ?”

“ಅಪರಾಧ ಅಂತ ನಾನು ಅಂದ್ನಾ?”

“ಅದನ್ನಾದ್ರೂ ಅನ್ನಬಹುದಿತ್ತು. ‘ಯಾರೋ ಏನೋ’ ಅಂದ್ರಿ. ನಾನು ಯಾವಾಗಿಂದ ರೀ ಯಾರೋ ಏನೋ ಆಗಿದ್ದು?”

ಮುಂದಿನ ಕಛೇರಿಗಳಿಗೆ ಅವನೊಬ್ಬನೇ ಹೋದ. ಪಕ್ಕದ ಕುರ್ಚಿಯ ಮೇಲೆ ಕೋಟು ಮಡಚಿಟ್ಟು ಸಂಗೀತ ಕೇಳುವುದರಲ್ಲಿ ಅಂಥ ಸುಖವೇನೂ ಇಲ್ಲವೆಂದು ಗೊತ್ತಾಯಿತು.

ಆ ದಿನದ ಕಛೇರಿಯ ರೆಕಾರ್ಡು ಹೊರಬಂದಾಗ ಅಂಗಡಿಯ ಬಾಗಿಲು ಹಾಕಿಕೊಂಡು ಕೇಳಿದ. ಮೂರನೆಯ ಭಾಗ ಬಂತು, ಚೆಲ್ಲೊ ಮುನಿಸಿಕೊಂಡಿತು, ಮೌನ ಬಂತು, ನಗು ಬರಲಿಲ್ಲ. ಕತ್ತರಿಸಿಬಿಟ್ಟಿದ್ದರು. ಸದ್ಯ, ಮಾನ ಉಳಿಯಿತು ಎಂದುಕೊಂಡ. ಆದರೆ ಕೇಳುತ್ತಾ ಹೋದಂತೆ ಏನೋ ಕಸಿವಿಸಿ. ಅಂದು ಆ ನಗು ಕೇಳಿ ವಾದಕರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆಮೇಲೆ ಅವರ ಕಮಾನುಗಳೇ ಹಗುರಾಗಿಬಿಟ್ಟಿದ್ದವು. ರೆಕಾರ್ಡಿನಲ್ಲಿ ಆ ಹಗುರ ಇತ್ತು, ಅದರ ಕಾರಣ ಇರಲಿಲ್ಲ. ಚೆನ್ನಾಗಿ ಒರೆಸಿದ ಗಾಜಿನ ಆಚೆ ನಾಲ್ಕು ಜನ ಯಾತಕ್ಕೋ ಖುಷಿಪಡುತ್ತಿದ್ದ ಹಾಗೆ. ಸೂಜಿಯನ್ನು ಹಿಂದಕ್ಕಿಟ್ಟು ಮತ್ತೆ ಕೇಳಿದ. ಮತ್ತೂ ಒಮ್ಮೆ ಕೇಳಿದ.

ಆ ಶನಿವಾರ ರೆಕಾರ್ಡಿನ ಅಂಗಡಿಗೆ ಆ ಕೃತಿಯ ಸಂಯೋಜಕಿಯೇ ಬಂದು ಕೊಂಡವರಿಗೆಲ್ಲ ಸಹಿ ಹಾಕಿಕೊಡುತ್ತಿದ್ದಳು. ಸಾಲಿನಲ್ಲಿ ವಕೀಲರೂ ಇದ್ದರು. ಕನ್ನಡಕದಂಗಡಿಯವನ ಸರದಿ ಬಂದಾಗ ಆಕೆ ತಲೆಯೆತ್ತಿ, “ಅವತ್ತು ಕಛೇರೀಲಿ ಇದ್ರಾ?” ಎಂದಳು.

“ಇದ್ದೆ.”

“ಹಾಗಾದ್ರೆ ಮೂರನೇ ಭಾಗದಲ್ಲಿ ಮೊದಲು ನಕ್ಕಿದ್ದು ಯಾರು ಗೊತ್ತಾ? ಎಲ್ಲರನ್ನೂ ಕೇಳ್ತಿದ್ದೀನಿ, ಒಬ್ಬರಿಗೂ ಗೊತ್ತಿಲ್ಲ.”

ವಕೀಲರ ಕಿವಿ ನೆಟ್ಟಗಾಯಿತು. ಕನ್ನಡಕದಂಗಡಿಯವನು ಒಮ್ಮೆ ನೆಲ ನೋಡಿದ. “ನನ್ನ ಹೆಂಡತಿ,” ಎಂದ. ಮೆಲ್ಲಗಾಯಿತು ಅನ್ನಿಸಿ, ಅಂಗಡಿಗೆಲ್ಲ ಕೇಳುವ ಹಾಗೆ ಮತ್ತೆ, “ನಕ್ಕಿದ್ದು ನನ್ನ ಹೆಂಡತಿ!” ಎಂದ.

ಸಂಯೋಜಕಿ ಪೆನ್ನು ಕೆಳಗಿಟ್ಟಳು. “ಆ ಭಾಗಾನ ನಾನು ಬರೆದಿದ್ದೇ ತಮಾಷೆಗೆ ಕಣ್ರೀ. ಎಷ್ಟು ಊರಲ್ಲಿ ನುಡಿಸಿದ್ರೂ ಜನ ಸಾವಿನ ಮನೇಲಿ ಕೂತ ಹಾಗೆ ಕೂತಿರ್ತಾರೆ. ಇಲ್ಲಿ ಒಬ್ಬರಾದ್ರೂ ನಗೋಕೆ ಶುರುಮಾಡಿದ್ರಲ್ಲ! ಅದನ್ನ ತೆಗೀಬೇಡಿ ಅಂತ ರೆಕಾರ್ಡಿಂಗ್‌ನವರ ಹತ್ರ ಜಗಳಾನೇ ಆಡಿದೆ, ಕೇಳಲಿಲ್ಲ. ನಿಮ್ಮ ಮನೆಯವರನ್ನ ನೋಡಬೇಕಲ್ಲ, ಎಲ್ಲಿ ಸಿಗ್ತಾರೆ?”

“ಈ ಹೊತ್ತಲ್ಲಿ ನೀರಲ್ಲಿರ್ತಾಳೆ,” ಎಂದ.

ಹೀಗೆ ಸಂಯೋಜಕಿ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಒದ್ದೆ ನೆಲದ ಮೇಲೆ ಜಾರದಂತೆ ಹೆಜ್ಜೆ ಊರುತ್ತಾ ಈಜುಕೊಳದ ಅಂಚಿಗೆ ಬಂದಳು. ನಡೆದದ್ದನ್ನೆಲ್ಲ ಗಂಡನೇ ಹೇಳಿದ, ಅಂಗಡಿಯಲ್ಲಿ ಕೂಗಿದ್ದನ್ನೂ ಸೇರಿಸಿ. ಹೆಂಡತಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ತಲೆಯ ಟೋಪಿ ಎಳೆದುಕೊಳ್ಳುತ್ತಾ ಕೇಳಿಸಿಕೊಂಡಳು.

“ವಕೀಲರೂ ಇದ್ರಾ?”

“ಇದ್ರು.”

“ಸರಿ,” ಎಂದಳು. ಮುಖ ಅರಳಿತ್ತು.

“ಬರೋ ತಿಂಗಳು ನನ್ನ ಹೊಸ ಕೃತಿ ರೆಕಾರ್ಡ್ ಆಗುತ್ತೆ,” ಎಂದಳು ಸಂಯೋಜಕಿ. “ನೀವು ಮೊದಲನೇ ಸಾಲಲ್ಲೇ ಕೂರಬೇಕು. ಈ ಸಲ ನಗೂನ ಕತ್ತರಿಸೋಕೆ ಬಿಡೋದಿಲ್ಲ.”

“ಅದಕ್ಕೇನು, ಬರ್ತೀನಿ. ಆದ್ರೆ ನಗು ಬಂದ್ರೆ ಮಾತ್ರ ನಗೋದು. ಮುಲಾಜಿಗೆ ನಗೋದು ನನ್ನಿಂದಾಗಲ್ಲ,” ಎಂದವಳೇ ಮಕ್ಕಳ ಕಡೆಗೆ ಈಜಿಕೊಂಡು ಹೋದಳು.

ದೇಶವಿದೇಶದ ವಿಮರ್ಶಕರು ಬೈದಾಗಲೂ ಒಂದು ಸ್ವರ ಬದಲಿಸದ ಸಂಯೋಜಕಿ, ಮನೆಗೆ ಹೋಗಿ ಹೊಸ ಕೃತಿಯ ಹಾಳೆಗಳನ್ನು ಮೇಜಿನ ತುಂಬ ಹರವಿಕೊಂಡಳು. ಆಮೇಲೆ ಅಳಿಸುವ ರಬ್ಬರು ಎಲ್ಲಿಟ್ಟಿದ್ದೇನೆಂದು ಹುಡುಕತೊಡಗಿದಳು.