ಹೋಗಿ ಬಂದ ಕಾದಂಬರಿ

“ಬಾಗಿಲು ಹಾಕ್ಕೊಂಡು ಬನ್ನಿ,” ಎಂದರು ನಿರ್ದೇಶಕರು. ಕೂರಲು ಹೇಳಲಿಲ್ಲ.

ಅನುವಾದಕ ನಿಂತೇ ಇದ್ದ. ಮೇಜಿನ ಮೇಲೆ ಮೂರು ಕಟ್ಟುಗಳಿದ್ದವು. ಎಡಗಡೆ ನಿರ್ದೇಶಕರ ಸ್ವಂತ ಕಾದಂಬರಿ. ನಡುವೆ, ಹೊರದೇಶದ ಓದುಗರಿಗಾಗಿ ಅವನು ಮಾಡಿದ ಅನುವಾದ. ಬಲಗಡೆ, ಆ ಅನುವಾದವನ್ನು ಮತ್ತೆ ನಮ್ಮ ಭಾಷೆಗೆ ತಿರುಗಿಸಿದ ಹಾಳೆಗಳು. ಬಲಗಡೆಯ ಕಟ್ಟು ಉಳಿದೆರಡಕ್ಕಿಂತ ದಪ್ಪಗಿತ್ತು.

ಈ ಸರ್ಕಾರಿ ಪ್ರಕಾಶನದ ನಿಯಮವೇ ಹಾಗೆ. ಪುಸ್ತಕ ಪರಭಾಷೆಗೆ ಹೋದ ಮೇಲೆ, ಮೂಲವನ್ನು ಕಂಡೇ ಇರದ ಇನ್ನೊಬ್ಬರು ಅದನ್ನು ವಾಪಸು ತರಬೇಕು. ಅವರು ಮೂಲ ಹುಡುಕಿ ನಕಲು ಹೊಡೆಯದಿರಲೆಂದು ಪುಸ್ತಕದ ಹೆಸರು, ಲೇಖಕರ ಹೆಸರು ಎರಡನ್ನೂ ತೆಗೆದು ಕೊಡುತ್ತಾರೆ. ಬಂದದ್ದನ್ನು ಮೂಲದ ಪಕ್ಕ ಇಟ್ಟರೆ ಅನುವಾದಕನ ಬಂಡವಾಳ ಬಯಲು. ಸಾಮಾನ್ಯವಾಗಿ ಆನೆ ಹೋಗಿ ಇಲಿ ಬರುತ್ತಿತ್ತು. ನಾಲ್ಕು ಮಾತು ಬೈದು ಅಚ್ಚಿಗೆ ಕಳಿಸುತ್ತಿದ್ದರು. ಈ ಸಲ ಆನೆ ಹೋಗಿ ಆನೆಯೇ ಬಂದಿತ್ತು. ಅದೇ ತಕರಾರು.

“ಸಾಲಿಗೆ ಸಾಲು ಹೊಂದುತ್ತೆ. ಅರ್ಧ ಓದೋ ಹೊತ್ತಿಗೇ ಗೊತ್ತಾಯ್ತು. ನಿಮ್ಮ ತಪ್ಪು ಮುಚ್ಕೊಳ್ಳೋಕೆ ಅವರಿಗೆ ನನ್ನ ಪುಸ್ತಕ ಕೊಟ್ಟಿದ್ದೀರಿ.”

“ಇಲ್ಲ ಸಾರ್. ನಾನು ಅವರ ಮುಖಾನೇ ನೋಡಿಲ್ಲ.”

“ಹಾಗಾದ್ರೆ ಇದೇನು? ಗುಬ್ಬಚ್ಚಿ ಚಿಕ್ಕಮ್ಮ. ನಿಮ್ಮ ಅನುವಾದದಲ್ಲಿ ಈ ಹೆಸರು ಎಲ್ಲಿದೆ ತೋರ್ಸಿ.”

ಅನುವಾದಕ ನಡುವಿನ ಕಟ್ಟಿನತ್ತ ನೋಡಿದ. ಎಲ್ಲೂ ಇರಲಿಲ್ಲ. ಆ ಅಡ್ಡಹೆಸರು ಪರಭಾಷೆಯಲ್ಲಿ ನಗೆಪಾಟಲಾಗುತ್ತದೆಂದು ಉದ್ದಕ್ಕೂ ಬರೀ ಚಿಕ್ಕಮ್ಮ ಎಂದೇ ಬರೆದಿದ್ದ. ಓಡಿಸಿದ ಗುಬ್ಬಚ್ಚಿ ಹಾರಿ ಬಂದು ಮತ್ತೆ ಕೂತಿತ್ತು. ತಾನು ಮೂಲ ಕೊಟ್ಟಿಲ್ಲವೆಂದು ಅವನಿಗೆ ಗೊತ್ತು. ಆದರೆ ಆ ಕುರ್ಚಿಯಲ್ಲಿ ತಾನೇ ಕೂತಿದ್ದರೂ ತನ್ನ ಮಾತನ್ನು ನಂಬುತ್ತಿರಲಿಲ್ಲ.

ಕೆಲಸ ಹೋದರೆ ಸರ್ಕಾರಿ ಮನೆಯೂ ಹೋಗುತ್ತದೆ. ಹೆಂಡತಿ ನಿನ್ನೆ ತಾನೇ ಅಡುಗೆಮನೆಯ ಕಿಟಕಿಗೆ ಪರದೆ ಹೊಲಿದು ಹಾಕಿದ್ದಳು. ಮಕ್ಕಳಿಬ್ಬರೂ ಗೋಡೆಯ ಮೇಲೆ ತಮ್ಮ ಎತ್ತರ ಗುರುತು ಮಾಡಿಕೊಂಡಿದ್ದರು. ಅವನಿಗೆ ಅಳು ಬರುವಷ್ಟು ಹೆದರಿಕೆಯಾಯಿತು.

“ಅವರನ್ನೇ ಕೇಳಿ ಸಾರ್.”

“ಕರೆಸಿದ್ದೀನಿ, ಹೊರಗೆ ಕೂತಿದ್ದಾರೆ. ಒಂದು ಪುಸ್ತಕ ಬರೆದವನ ಕಷ್ಟ ನಿಮಗೇನ್ರೀ ಗೊತ್ತು?”

ಆ ಕಷ್ಟವನ್ನು ನಿರ್ದೇಶಕರು ಜೀವನದಲ್ಲಿ ಒಂದೇ ಸಲ ಪಟ್ಟಿದ್ದರು. ಅವರ ಹೆಸರಿನಲ್ಲಿರುವುದು ಅದೊಂದೇ ಕಾದಂಬರಿ. ನಾಯಕಿ ದೋಣಿ ಹತ್ತುವಲ್ಲಿ ಕಥೆ ತಟಕ್ಕನೆ ನಿಂತುಬಿಡುತ್ತದೆ. ಹಾಗೆ ನಿಲ್ಲಿಸುವುದಕ್ಕೆ ಎದೆಗಾರಿಕೆ ಬೇಕೆಂದು ವಿಮರ್ಶಕರು ಹಾಡಿ ಹೊಗಳಿದ್ದರು. ಪ್ರಶಸ್ತಿ ಬಂತು, ಅದರ ಬೆನ್ನಿಗೇ ಈ ಕುರ್ಚಿಯೂ ಬಂತು.

ಬಾಗಿಲು ತೆರೆಯಿತು. ಬಂದವರನ್ನು ಕಚೇರಿಯಲ್ಲಿ ಹೊರದೇಶದ ಅಜ್ಜಿ ಎನ್ನುತ್ತಿದ್ದರು. ಮೂವತ್ತು ವರ್ಷ ಅಲ್ಲೇ ಸಂಸಾರ ಮಾಡಿ, ಗಂಡ ತೀರಿಕೊಂಡ ಮೇಲೆ, ಹೋದ ವರ್ಷವಷ್ಟೇ ಮರಳಿದ್ದರು. ಕೆಲಸವೆಲ್ಲ ಮನೆಯಿಂದಲೇ, ಕಚೇರಿಯ ಮೆಟ್ಟಿಲು ಹತ್ತಿದ್ದು ಇವತ್ತೇ. ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ನಿಂತು ಓದಿಕೊಂಡು ಒಳಗೆ ಬಂದರು. ನಿರ್ದೇಶಕರು ಹಾಳೆಗಳಿಂದ ತಲೆ ಎತ್ತಲಿಲ್ಲ.

“ಗುಬ್ಬಚ್ಚಿ ಅನ್ನೋ ಹೆಸರು ಎಲ್ಲಿಂದ ಬಂತಮ್ಮ?”

“ಯಾರೋ ಬಿಟ್ಟುಬಿಟ್ಟಿದ್ರು. ಅದಿಲ್ಲದೆ ಅವಳು ಅವಳ ಹಾಗೇ ಕಾಣ್ತಿರಲಿಲ್ಲ. ಸೇರಿಸಿದೆ.”

ಅನುವಾದಕ ಕಣ್ಣು ಮುಚ್ಚಿಕೊಂಡ. ಪರದೆ, ಗೋಡೆ, ಮನೆ ಎಲ್ಲ ಹೋಯಿತು.

“ಅಂದ್ರೆ ಮೂಲ ನೋಡಿದ್ದೀರಿ.”

“ನೋಡದೆ ಏನು? ಕೊನೇ ತನಕ ಓದಿ ಆಯ್ತಾ? ಓದಿದವರು ನನ್ನನ್ನ ಕರೆಸೇ ಕರೆಸ್ತಾರೆ ಅಂತ ಕಾಯ್ತಾ ಇದ್ದೆ.”

ನಿರ್ದೇಶಕರು ಸಿಡುಕುತ್ತ ದಪ್ಪ ಕಟ್ಟನ್ನು ಮಗುಚಿದರು. ನಾಯಕಿ ದೋಣಿ ಹತ್ತಿದ್ದಳು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿದಿರಲಿಲ್ಲ. ದೋಣಿ ಮುಂದೆ ಸಾಗಿತ್ತು. ಇನ್ನೊಂದು ಇಡೀ ಅಧ್ಯಾಯವಿತ್ತು. ಆಚೆ ದಡದಲ್ಲಿ ಗುಬ್ಬಚ್ಚಿ ಚಿಕ್ಕಮ್ಮ ಕಾಯುತ್ತ ನಿಂತಿದ್ದಳು.

ಅನುವಾದಕ ಬಗ್ಗಿ ನೋಡಿದ. ಅವನ ಅನುವಾದದಲ್ಲಿ ಆ ಅಧ್ಯಾಯವಿರಲಿಲ್ಲ. ಅಚ್ಚಾದ ಕಾದಂಬರಿಯಲ್ಲೂ ಇರಲಿಲ್ಲ. ನಿರ್ದೇಶಕರು ಕಟ್ಟನ್ನು ಮುಚ್ಚಿಟ್ಟರು.

“ನೀವು ಹೋಗಿ,” ಎಂದರು ಅವನಿಗೆ. ದನಿ ಇಳಿದಿತ್ತು. “ಇದನ್ನ ಇಲ್ಲಿಗೇ ಬಿಡೋಣ.”

ಅವನು ಕದಲಲಿಲ್ಲ. “ಬೇಡ ಸಾರ್. ನನ್ನ ಮೇಲೆ ಕಳ್ಳತನದ ಮಾತು ಬಂದಿದೆ. ಮೂಲ ಯಾರು ಕೊಟ್ರು ಅಂತ ಅವರ ಬಾಯಲ್ಲೇ ಬರಲಿ.”

ನಿರ್ದೇಶಕರು ಆಗ ತಲೆ ಎತ್ತಿ ಅಜ್ಜಿಯ ಮುಖ ನೋಡಿದರು.

“ನನಗೆ ಯಾರೂ ಕೊಡಲಿಲ್ಲ,” ಎಂದರು ಅಜ್ಜಿ. “ಊರು ಬಿಡೋ ಮುಂಚೆ, ಕೊನೇ ಅಧ್ಯಾಯ ಇನ್ನೂ ಬರೆದಿಲ್ಲ, ಇಷ್ಟು ಓದಿ ಹೇಗಿದೆ ಹೇಳು ಅಂತ ನಾನೇ ನಿನ್ನ ಕೈಗೆ ಕೊಟ್ಟಿದ್ದೆ ಕಣೋ.”