ಒಂದನೇ ನಂಬರು

"ಅಮ್ಮಾ, ಒಂದನೇ ನಂಬರು ಬದಲಾಯಿಸಿಬಿಡ್ಲಾ ಅಂತ ಯೋಚನೆ ಮಾಡ್ತಿದೀನಿ," ಎಂದಳು ಬ್ರಿಟಾ.

ಆರ್ಲಿಸ್ ಬಾಯಿಗೆ ಒಯ್ದ ಸ್ಯಾಂಡ್‌ವಿಚ್ ಅರ್ಧದಲ್ಲೇ ನಿಂತಿತು. ಅಮೆರಿಕದ ಡುಲೂತ್‌ನ ಈ ಕಣ್ಣಿನ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಬಂದವರಿಗೆಲ್ಲ ಅಕ್ಷರದ ಚಾರ್ಟು ಓದಿಸುವುದು ಅವಳ ಕೆಲಸ. ಮಗಳು ಕಣ್ಣಿನ ಸರ್ಜನ್ ಆಗಲು ಹೊರಟಿದ್ದಾಳೆ. ತರಬೇತಿಗೆ ಯಾವ ಆಸ್ಪತ್ರೆ ಬೇಕೆಂದು ಇಷ್ಟದ ಕ್ರಮದಲ್ಲಿ ಪಟ್ಟಿ ಕೊಡಬೇಕು. ಆಸ್ಪತ್ರೆಗಳೂ ತಮ್ಮ ಪಟ್ಟಿ ಕೊಡುತ್ತವೆ. ಎರಡನ್ನೂ ಹೊಂದಿಸಿ ಕಂಪ್ಯೂಟರು ಎಲ್ಲಿಗೆ ಅಂದರೆ ಅಲ್ಲಿಗೇ ಹೋಗಬೇಕು, ಆಮೇಲೆ ಒಲ್ಲೆ ಅನ್ನುವ ಹಾಗಿಲ್ಲ. ಕೊಟ್ಟ ಪಟ್ಟಿ ತಿದ್ದಲು ಇಂದು ಮಧ್ಯಾಹ್ನ ಎರಡರವರೆಗೆ ಸಮಯ. ಆಗಲೇ ಒಂದೂ ಇಪ್ಪತ್ತು.

"ತಲೆ ಕೆಟ್ಟಿದೆಯೇನೇ? ಅಂಥಾ ಆಸ್ಪತ್ರೆ ಬಿಟ್ಟು! ಚರ್ಚಲ್ಲಿ ಪ್ರಾರ್ಥನೆ ಆದ್ಮೇಲೆ ಕಾಫಿ ಕುಡಿಯೋರಿಗೆಲ್ಲ ಹೇಳ್ಕೊಂಡು ಬಂದಿದೀನಿ ಕಣೆ."

"ಅವರು ನನ್ನ ತಗೊಂಡ್ರು ಅಂತ ಯಾರಮ್ಮ ಹೇಳಿದ್ದು?"

"ನಾನೇ ಹೇಳಿದೀನಿ!"

ಬ್ರಿಟಾಗೆ ನಗು ಬಂತು. "ಹೋಗ್ಲಿ ಬಿಡು. ಇದ್ದ ಹಾಗೇ ಇರ್ಲಿ."

"ಇರ್ಲಿ ಅಂದ್ರೇನು? ಅದು ಯಾಕೆ ಒಂದನೇದು, ಹೇಳು ನೋಡೋಣ."

"ನೂರಮೂವತ್ತು ವರ್ಷದ ಹೆಸರು. ದೇಶದಲ್ಲಿ ಮೊದಲ ಮೂರರಲ್ಲಿ ಒಂದು. ದೊಡ್ಡ ದೊಡ್ಡ ಪ್ರೊಫೆಸರುಗಳು. ಅಲ್ಲಿಂದ ಬಂದೋರಿಗೆ ಎಲ್ಲಿ ಬೇಕಾದ್ರೂ ಕೆಲಸ." ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಆರ್ಲಿಸ್ ಸ್ಯಾಂಡ್‌ವಿಚ್ ಕೆಳಗಿಟ್ಟಳು. ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಂಡಾರೆಂಬ ಹೆದರಿಕೆಗೆ ಚಾರ್ಟಿನ ಕೊನೆಯ ಸಾಲನ್ನು ಉರು ಹೊಡೆದು ಬರುವ ಮುದುಕರು ಅವಳಿಗೆ ಹೊಸಬರೇ? ಅವರು ತಡವರಿಸುವುದೇ ಇಲ್ಲ. ನಿಜವಾಗಿ ನೋಡಿ ಓದುವವರು ಮಾತ್ರ ಕತ್ತು ಮುಂದೆ ಚಾಚಿ, 'ಇ... ಅಲ್ಲ ಅಲ್ಲ, ಎಫ್' ಎನ್ನುತ್ತಾರೆ.

"ಇದು ಬಾಯಿಪಾಠ ಕಣೆ. ನೀನು ನೋಡಿ ಓದ್ತಿಲ್ಲ," ಎಂದಳು. "ಎಲ್ಲಿ, ಆ ಎರಡನೇದು ಹೇಳು."

"ನೆಬ್ರಾಸ್ಕಾದ ಜಿಲ್ಲಾ ಆಸ್ಪತ್ರೆನಾ? ಅಲ್ಲಿ... ಏನಂತ ಹೇಳ್ಲಿ. ಇಂಟರ್‌ವ್ಯೂಗೆ ಹೋದ ದಿನ ಲಿಫ್ಟು ಕೆಟ್ಟಿತ್ತು. ಕೊನೇ ವರ್ಷದ ಹುಡುಗಿ ಒಬ್ಬಳು ಒಬ್ಬ ರೈತನ ಕಣ್ಣಿನ ಪೊರೆ ತೆಗೀತಿದ್ಲು. ಪ್ರೊಫೆಸರು ಪಕ್ಕದಲ್ಲಿ ಕೈಕಟ್ಟಿ ಕೂತಿದ್ರು. ಒಂದೇ ಒಂದ್ಸಲಾನೂ ಅವಳ ಕೈಯಿಂದ ಉಪಕರಣ ಕಿತ್ಕೊಳ್ಳಲಿಲ್ಲಮ್ಮ. ಅವಳಿಗದು ಮುನ್ನೂರನೇ ಕಣ್ಣಂತೆ. ದೊಡ್ಡ ಆಸ್ಪತ್ರೇಲೂ ಕೇಳಿದೆ, ನೀನೆಷ್ಟು ಮಾಡಿದೀಯಾ ಅಂತ. 'ತುಂಬಾ ನೋಡಿದೀನಿ' ಅಂದ ಅಲ್ಲಿಯ ಹುಡುಗ. ನಂಗೆ ನೋಡೋದು ಬೇಡ. ನಂಗೆ ಮಾಡಬೇಕು."

ಆರ್ಲಿಸ್‌ಗೆ ಸಂಕಟವಾಗದೆ ಇರಲಿಲ್ಲ. ಅಷ್ಟು ದೊಡ್ಡ ಹೆಸರನ್ನು ಕೈಯಾರೆ ಕೆಳಗಿಳಿಸುವುದೆಂದರೆ ಯಾವ ತಾಯಿಗೆ ಸುಲಭ? ಆದರೂ ಲ್ಯಾಪ್‌ಟಾಪನ್ನು ಮಗಳ ಕಡೆ ತಳ್ಳಿದಳು.

"ತಿದ್ದು. ಬೇಗ."

"ಚರ್ಚಲ್ಲಿ ಏನು ಹೇಳ್ತೀಯಾ?"

"ಅದು ನನ್ನ ಬಾಯಿ. ನಾನು ನೋಡ್ಕೋತೀನಿ."

ಬ್ರಿಟಾ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿದಳು. ಒಮ್ಮೆ ಓದಿಕೊಂಡಳು. ಕಳಿಸಿಯೇಬಿಟ್ಟಳು. ಗಂಟೆ ಒಂದೂ ನಲವತ್ತು.

ಅಷ್ಟರಲ್ಲಿ ಬೂಟಿನ ಹಿಮ ಕೊಡವುತ್ತಾ ನಾರ್ಮಾ ಒಡೆಗಾರ್ಡ್ ಒಳಗೆ ಬಂದಳು. ಚರ್ಚಿನ ಗಾಯನ ತಂಡದವಳು; ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತು.

"ಏನು ಡಾಕ್ಟರಮ್ಮ," ಎಂದಳು ಬ್ರಿಟಾಳ ಬೆನ್ನು ತಟ್ಟಿ, "ಆ ದೊಡ್ಡ ಆಸ್ಪತ್ರೆಗೆ ಹೊರಡೋದು ಯಾವಾಗ?"

ಬ್ರಿಟಾ ಅಮ್ಮನ ಮುಖ ನೋಡಿದಳು. ಆರ್ಲಿಸ್ ನಾರ್ಮಾಳನ್ನು ಕುರ್ಚಿಯಲ್ಲಿ ಕೂರಿಸಿ, ಎಡಗಣ್ಣಿಗೆ ಮುಚ್ಚಳ ಹಿಡಿದಳು.

"ಅದಾ?" ಎಂದಳು. "ಅದನ್ನ ನಮ್ಮ ಹುಡುಗಿ ಎರಡನೇ ನಂಬರಿಗೆ ಇಳಿಸಿದಳು."