ಬಲಮಗ್ಗುಲ ಸವಾರಿ

"ನಿಧಾನ್ರೀ, ಮತ್ತ ಬೀಳ್ತೀರಿ!" ಶೈಲಜಾ ಕುದುರೆಯ ಲಗಾಮನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂಗಿದಳು. ಅಷ್ಟರಲ್ಲಿ ಅವಳ ಗಂಡ ಚನ್ನವೀರ ಬಲಗಾಲನ್ನು ಜೀನಿನಿಂದ ಜೋತ ರಿಕಾಪಿನ ಬಳೆಯಲ್ಲಿ ಇಟ್ಟಾಗಿತ್ತು. ಚೀಕಲಪರ್ವಿಯ ಹೊಳೆದಂಡೆಯ ಮರಳಿನಲ್ಲಿ ಹೆಣ್ಣು ಕುದುರೆ ಬಿಜಲಿ ಕಿವಿ ನಿಮಿರಿಸಿ ನಿಂತಿತ್ತು.

ಕುದುರೆಗಳು ಎಡಗಡೆಯಿಂದ ಹತ್ತಿಸಿಕೊಂಡೇ ಪಳಗಿರುತ್ತವೆ. ಚನ್ನವೀರನ ಎಡಗಾಲು ಮೊಣಕಾಲಿನ ಕೆಳಗೆ ಕಾರ್ಗಿಲ್ ಯುದ್ಧದಲ್ಲಿ ಹೋಗಿತ್ತು. ಕೃತಕ ಕಾಲಿನಲ್ಲೇ ಓಡಾಡಿ ಮಾನ್ವಿಯಲ್ಲಿ ರೈಸ್‌ಮಿಲ್ ಕಟ್ಟಿ ಇಪ್ಪತ್ತು ವರ್ಷ ನಡೆಸಿದ್ದ. ಆದರೆ ರಿಕಾಪಿನಲ್ಲಿ ಆ ಕಾಲು ಮೈಭಾರ ತಡೆಯುತ್ತಿರಲಿಲ್ಲ. ಅದಕ್ಕೇ ಎಂಟು ತಿಂಗಳಿಂದ ಬಿಜಲಿಗೆ ಬಲಮಗ್ಗುಲು ರೂಢಿ ಮಾಡಿಸುತ್ತಿದ್ದ. ಹತ್ತಲು ಹೋದಾಗಲೆಲ್ಲ ಅದು ಬೆದರಿ ಸರಿಯುತ್ತಿತ್ತು. ಮೂರು ಸಲ ಬಿದ್ದಿದ್ದ. "ಇನ್ನೊಮ್ಮೆ ಬಿದ್ರ ಕುದರಿ ಮಾರಿಬಿಡೋಣ್ರಿ" ಎಂದು ಶೈಲಜಾ ಬೆಳಿಗ್ಗೆಯೇ ಹೇಳಿದ್ದಳು. ಅವನೂ ಹೂಂ ಅಂದಿದ್ದ.

"ನಿಲ್ಲವ್ವಾ, ನಮ್ಮವ್ವಾ," ಅವನು ಬಿಜಲಿಯ ಕುತ್ತಿಗೆ ಸವರಿದ. ಕುದುರೆಯ ತೊಗಲು ಅದುರಿತು. ಒಂದು ಹೆಜ್ಜೆ ಸರಿಯಿತು. ಶೈಲಜಾ ಉಸಿರು ಬಿಗಿಹಿಡಿದಳು. ಎರಡನೆಯ ಹೆಜ್ಜೆಯನ್ನು ಬಿಜಲಿ ಇಡಲಿಲ್ಲ. ಚನ್ನವೀರ ಒಮ್ಮೆಲೇ ಮೇಲೆದ್ದ, ಕೃತಕ ಕಾಲು ಜೀನು ದಾಟಿ ಆಚೆ ಇಳಿಯಿತು.

"ಕುಂತೀನಿ! ಶೈಲಾ, ಕುಂತೀನಿ ನೋಡ!" ಐವತ್ತೈದರ ಮಾಜಿ ಹವಾಲ್ದಾರ ಇಡೀ ಹೊಳೆಗೆ ಕೇಳುವಂತೆ ಅರಚಿದ.

ಶೈಲಜಾಳ ಕಣ್ಣು ತುಂಬಿ ಬಂತು. "ಸಾಕು, ಇಳೀರಿ" ಎನ್ನಬೇಕೆಂದು ಬಾಯಿ ತೆರೆದವಳು ಲಗಾಮನ್ನು ಅವನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ಕೂಗಿದಳು: "ಓಡಸ್ರೀ!"